ನೇತ್ರಾಣಿಯಲ್ಲಿ ಮುಳುಗಿ ಮಡಿಕೇರಿ ಘಾಟಿ ಹತ್ತುವವರಿಗೆ: ಡೈವ್ ಕಂಪ್ಯೂಟರ್ ಸಾಕೇ, ಟೇಬಲ್ ಕಲಿಯಬೇಕೇ?

ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಸಂಪಾಜೆ ದಾಟಿ ಮಡಿಕೇರಿ ತಲುಪುವಷ್ಟರಲ್ಲಿ ದಿಂಬಿನಂತೆ ಉಬ್ಬಿರುತ್ತದೆ. ಒಳಗೆ ಯಾರೂ ಗಾಳಿ ತುಂಬಿದ್ದಲ್ಲ, ಹೊರಗಿನ ಒತ್ತಡ ಇಳಿಯಿತು, ಅಷ್ಟೇ. ಅದೇ ಕಾರಿನಲ್ಲಿ ಕೂತವರು ಬೆಳಿಗ್ಗೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಎರಡು ಸಲ ಮುಳುಗಿ ಎದ್ದಿದ್ದರೆ, ಅವರ ಮೈಯಲ್ಲಿ ಕರಗಿ ಕೂತ ಸಾರಜನಕಕ್ಕೂ ಅದೇ ಘಾಟಿ, ಅದೇ ನಿಯಮ. ಪೊಟ್ಟಣ ಉಬ್ಬಿದರೆ ನಷ್ಟವಿಲ್ಲ. ಕೀಲಿನಲ್ಲೋ ಬೆನ್ನುಹುರಿಯಲ್ಲೋ ಗುಳ್ಳೆ ಎದ್ದರೆ ಮಾತು ಬೇರೆ.

ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂದು ತಿಳಿಯಲು ಕೈಗೆ ಕಟ್ಟುವ ಡೈವ್ ಕಂಪ್ಯೂಟರ್ ಒಳ್ಳೆಯದೋ ಅಚ್ಚು ಹಾಕಿದ ಟೇಬಲ್ ಒಳ್ಳೆಯದೋ ಎಂಬ ಜಗಳ ಕರಾವಳಿಯವರಿಗೆ ಬರೀ ಹರಟೆಯ ವಿಷಯವಾಗಬಹುದು. ಕೊಡಗಿನವರಿಗೆ ಹಾಗಲ್ಲ. ನೀರಿನೊಳಗೆ ಕಂಪ್ಯೂಟರ್ ಟೇಬಲ್‌ಗಿಂತ ಚೆನ್ನಾಗಿ ಲೆಕ್ಕ ಹಾಕುತ್ತದೆ, ಅದರಲ್ಲಿ ಅನುಮಾನ ಬೇಡ, ಕಟ್ಟಿಕೊಂಡೇ ಇಳಿಯಿರಿ. ಆದರೆ ನಿಮ್ಮ ಮನೆ 1,150 ಮೀಟರ್ ಎತ್ತರದಲ್ಲಿದೆ ಎಂದು ಅದಕ್ಕೆ ತಿಳಿಯದು. ದಡಕ್ಕೆ ಬಂದ ಮೇಲಿನ ಲೆಕ್ಕ ನಿಮ್ಮ ತಲೆಯಲ್ಲೇ ಇರಬೇಕು, ಅದನ್ನು ಕಲಿಸುವುದು ಟೇಬಲ್.

ಲೆಕ್ಕದ ಮೂಲ ಒಂದೇ

ಅವಲಕ್ಕಿ ಐದು ನಿಮಿಷದಲ್ಲಿ ನೆನೆಯುತ್ತದೆ, ಅಕ್ಕಿಗೆ ಗಂಟೆಗಟ್ಟಲೆ ಬೇಕು, ಕಡಲೆಗೆ ಇಡೀ ರಾತ್ರಿ. ಒತ್ತಡದಲ್ಲಿ ಉಸಿರಾಡುವ ಗಾಳಿಯ ಸಾರಜನಕವೂ ಮೈಯ ಬೇರೆಬೇರೆ ಭಾಗಗಳಿಗೆ ಹೀಗೇ ಬೇರೆಬೇರೆ ವೇಗದಲ್ಲಿ ಇಳಿಯುತ್ತದೆ, ಬಿಡುವಾಗಲೂ ಅದೇ ವೇಗದಲ್ಲಿ ಬಿಡುತ್ತದೆ. ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲಿ ಮೇಕೆಗಳ ಮೇಲೆ ಪ್ರಯೋಗ ಮಾಡಿ ಮೊದಲ ಟೇಬಲ್ ಪ್ರಕಟಿಸಿದಾಗ ದೇಹವನ್ನು ಐದು ಕಾಲ್ಪನಿಕ ಕೋಣೆಗಳಾಗಿ ವಿಂಗಡಿಸಿದ್ದರು. ಅರ್ಧ ತುಂಬಲು ಅವಕ್ಕೆ 5, 10, 20, 40, 75 ನಿಮಿಷ. ಮುಂದೆ ಜೂರಿಕ್‌ನ ಆಲ್ಬರ್ಟ್ ಬೂಲ್‌ಮನ್ ಕೋಣೆಗಳನ್ನು ಹದಿನಾರಕ್ಕೆ ಏರಿಸಿದರು. ಅತ್ಯಂತ ನಿಧಾನದ ಕೋಣೆಯ ಅರ್ಧಾವಧಿ 635 ನಿಮಿಷ, ಅಂದರೆ ಹತ್ತು ಗಂಟೆಗೂ ಮೇಲೆ. ಸ್ವಿಟ್ಜರ್ಲೆಂಡಿನ ಬೆಟ್ಟದ ಸರೋವರಗಳಲ್ಲಿ ಮುಳುಗುವವರಿಗಾಗಿ ಎತ್ತರವನ್ನೂ ಲೆಕ್ಕಕ್ಕೆ ಸೇರಿಸಿದ್ದು ಬೂಲ್‌ಮನ್ ಹೆಚ್ಚುಗಾರಿಕೆ. ಇಂದಿನ ಬಹಳಷ್ಟು ಕಂಪ್ಯೂಟರ್‌ಗಳ ಒಳಗಿರುವುದು ಅದೇ ಸೂತ್ರ. ಅಂದರೆ ಬೆಟ್ಟದವರಿಗೆಂದು ಹುಟ್ಟಿದ ಲೆಕ್ಕ ನಿಮ್ಮ ಕೈಗಡಿಯಾರದಲ್ಲೇ ಕೂತಿದೆ, ಆದರೆ ನೀವು ಘಾಟಿ ಹತ್ತಲಿದ್ದೀರಿ ಎಂದು ಅದಕ್ಕೆ ಹೇಳುವ ಗುಂಡಿ ಮಾತ್ರ ಇಲ್ಲ.

ಟೇಬಲ್ ಎಂದರೆ ಅದೇ ಲೆಕ್ಕವನ್ನು ಮೊದಲೇ ಮಾಡಿಟ್ಟು ಪ್ಲಾಸ್ಟಿಕ್ ಕಾರ್ಡಿನ ಮೇಲೆ ಅಚ್ಚು ಹಾಕಿದ್ದು. ಕಂಪ್ಯೂಟರ್ ಎಂದರೆ ಅದನ್ನೇ ಕೆಲವು ಸೆಕೆಂಡಿಗೊಮ್ಮೆ ಹೊಸದಾಗಿ ಮಾಡುವ ಯಂತ್ರ. 1983ರಲ್ಲಿ ಬಂದ ಓರ್ಕಾ ಎಡ್ಜ್‌ನಿಂದ ಈ ಯಂತ್ರ ಮಾರುಕಟ್ಟೆಯಲ್ಲಿ ನೆಲೆಯೂರಿತು.

ಟೇಬಲ್ ಓದುವ ಬಗೆ

ಡೈವಿಂಗ್ ಕಲಿಸುವ ಪಾಡಿ (PADI) ಸಂಸ್ಥೆಯ ಟೇಬಲ್ ಆದ ಆರ್‌ಡಿಪಿ ಕಾರ್ಡನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಾಳಿ ತುಂಬಿದ ಸಿಲಿಂಡರಿಗೆ ಅದರ ನೋ-ಡೆಕೊ ಮಿತಿಗಳು, ಅಂದರೆ ದಾರಿಯಲ್ಲಿ ಕಡ್ಡಾಯವಾಗಿ ನಿಲ್ಲದೆ ಮೇಲೆ ಬರಬಹುದಾದ ಗರಿಷ್ಠ ಸಮಯ, ಹೀಗಿವೆ: 12 ಮೀಟರಿಗೆ 147 ನಿಮಿಷ, 14ಕ್ಕೆ 98, 16ಕ್ಕೆ 72, 18ಕ್ಕೆ 56, 20ಕ್ಕೆ 45, 22ಕ್ಕೆ 37, 25ಕ್ಕೆ 29, 30ಕ್ಕೆ 20. ಇಷ್ಟನ್ನು ಬಾಯಿಪಾಠ ಮಾಡಿದರೂ ಅರ್ಧ ಕೆಲಸವಾದಂತೆ. 12ರಿಂದ 18ಕ್ಕೆ ಆರೇ ಮೀಟರ್ ಇಳಿದರೆ ಒಂದೂವರೆ ಗಂಟೆ ಹೋಯಿತು. ಈ ಇಳಿಜಾರು ಮನಸ್ಸಿನಲ್ಲಿ ಇರುವವರು, ಕಂಪ್ಯೂಟರ್ 20 ಮೀಟರಿನಲ್ಲಿ 90 ನಿಮಿಷ ಬಾಕಿ ಎಂದು ತೋರಿಸಿದರೆ ಏನೋ ತಪ್ಪಿದೆ ಎಂದು ಕೂಡಲೇ ಹಿಡಿಯುತ್ತಾರೆ. ಇಲ್ಲದವರು ನಂಬಿ ಕೂರುತ್ತಾರೆ.

ಮೊದಲ ಡೈವ್. ಮುಟ್ಟಿದ ಗರಿಷ್ಠ ಆಳ 16.5 ಮೀಟರ್. ಕಾರ್ಡಿನಲ್ಲಿ ಅದಿಲ್ಲ, ಮುಂದಿನ ಆಳವಾದ ಅಂಕಣಕ್ಕೆ ಹೋಗಬೇಕು: 18. ಹಿಂದಿನದಕ್ಕೆ, ಅಂದರೆ 16ಕ್ಕೆ, ಯಾವತ್ತೂ ಹೋಗಬಾರದು. ಬಾಟಮ್ ಟೈಮ್ 37 ನಿಮಿಷ. ಇಳಿಯಲು ಶುರು ಮಾಡಿದ ಕ್ಷಣದಿಂದ ನೇರವಾಗಿ ಮೇಲೇರಲು ಶುರು ಮಾಡುವವರೆಗಿನ ಸಮಯವನ್ನೇ ಬಾಟಮ್ ಟೈಮ್ ಎನ್ನುವುದು. ತಳದಲ್ಲಿ ಕಳೆದ ಸಮಯ ಮಾತ್ರ ಎಂದು ತಿಳಿದು ಇಳಿಯುವಾಗಿನ ಮೂರು ನಿಮಿಷ ಬಿಟ್ಟುಬಿಡುವುದು ಹೊಸಬರ ಮಾಮೂಲಿ ತಪ್ಪು. 18ರ ಅಂಕಣದಲ್ಲಿ 36 ಇದೆ, 39 ಇದೆ. ಮತ್ತೆ ಮೇಲಿನದಕ್ಕೆ: 39. ಅದರ ಎದುರು ಸಿಗುವ ಇಂಗ್ಲಿಷ್ ಅಕ್ಷರ ಓ. ಇದು ನಿಮ್ಮ ಪ್ರೆಶರ್ ಗ್ರೂಪ್. ಸಾರಜನಕ ಎಷ್ಟು ತುಂಬಿದೆ ಎಂಬುದಕ್ಕೆ ಎ ಇಂದ ಝಡ್‌ವರೆಗಿನ ಅಳತೆಗೋಲು.

ದೋಣಿಯಲ್ಲಿ ಕೂತಿರುವಾಗ ಅಕ್ಷರ ಎ ಕಡೆಗೆ ಇಳಿಯುತ್ತ ಬರುತ್ತದೆ. ಕಾರ್ಡಿನ ಎರಡನೇ ಭಾಗದಲ್ಲಿ ನಿಮ್ಮ ಅಕ್ಷರದ ಸಾಲು ಹಿಡಿದು, ವಿರಾಮದ ಸಮಯ ಬೀಳುವ ಚೌಕ ಹುಡುಕಿ ಹೊಸ ಅಕ್ಷರ ಓದಬೇಕು. ಓ ಇಂದ ಇಳಿದು ಇ ಸಿಕ್ಕಿತು ಎಂದುಕೊಳ್ಳಿ. ಎರಡನೇ ಡೈವ್ 13 ಮೀಟರ್, ಅಂದರೆ 14ರ ಅಂಕಣ. ಇ ಎದುರು ಎರಡು ಸಂಖ್ಯೆ ಸಿಗುತ್ತವೆ: 24 ಮತ್ತು 74. ನೀರಿಗೆ ಇಳಿಯುವ ಮೊದಲೇ ನೀವು 24 ನಿಮಿಷ ಅದೇ ಆಳದಲ್ಲಿ ಇದ್ದವರಂತೆ ಲೆಕ್ಕ, ಇನ್ನು ಉಳಿದದ್ದು 74. ಎರಡನ್ನೂ ಕೂಡಿಸಿ ನೋಡಿ, 98, ಅಂದರೆ 14 ಮೀಟರಿನ ಮೂಲ ಮಿತಿ. ಈ ಕೂಡಿಕೆ ಯಾವಾಗಲೂ ತಾಳೆಯಾಗಬೇಕು. ಆಗದಿದ್ದರೆ ಸಾಲು ತಪ್ಪಿ ಓದಿದ್ದೀರಿ. ಎರಡನೇ ಡೈವ್ 40 ನಿಮಿಷ ಮಾಡಿದರೆ 24 ಸೇರಿಸಿ 64 ಎಂದು ಮತ್ತೆ ಮೊದಲ ಭಾಗಕ್ಕೆ ಹೋಗಿ ಹೊಸ ಅಕ್ಷರ ತೆಗೆಯಬೇಕು. 40 ಎಂದೇ ತೆಗೆದರೆ ಮೂರನೇ ಡೈವಿನ ಲೆಕ್ಕ ಪೂರ್ತಿ ಸುಳ್ಳು.

ಇನ್ನೂ ಕೆಲವು ನಿಯಮ ಕಾರ್ಡಿನ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತವೆ. ಮಿತಿಯನ್ನು 5 ನಿಮಿಷದೊಳಗೆ ಮೀರಿದರೆ 5 ಮೀಟರಿನಲ್ಲಿ 8 ನಿಮಿಷ ನಿಲ್ಲಬೇಕು, ಆಮೇಲೆ 6 ಗಂಟೆ ನೀರಿಗೆ ಇಳಿಯುವಂತಿಲ್ಲ. 5 ನಿಮಿಷಕ್ಕಿಂತ ಹೆಚ್ಚು ಮೀರಿದರೆ ಗಾಳಿ ಇದ್ದಷ್ಟೂ, 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಂತು, 24 ಗಂಟೆ ದಡದಲ್ಲೇ ಇರಬೇಕು. ದಿನಕ್ಕೆ ಮೂರು ಅಥವಾ ಹೆಚ್ಚು ಡೈವ್ ಇದ್ದು ಅಕ್ಷರ ಡಬ್ಲ್ಯೂ ಅಥವಾ ಎಕ್ಸ್ ಮುಟ್ಟಿದರೆ ಮುಂದಿನ ವಿರಾಮಗಳು ಕನಿಷ್ಠ 1 ಗಂಟೆ. ವೈ ಅಥವಾ ಝಡ್ ಆದರೆ 3 ಗಂಟೆ.

ಒಂದು ಟೇಬಲ್‌ನ ಅಕ್ಷರವನ್ನು ಇನ್ನೊಂದರಲ್ಲಿ ಓದಬೇಡಿ. ಅಮೆರಿಕದ ನೌಕಾಪಡೆಯ ಟೇಬಲ್ ವಿರಾಮದ ಲೆಕ್ಕವನ್ನು 120 ನಿಮಿಷದ ಕೋಣೆಯ ಮೇಲೆ ನಿಲ್ಲಿಸಿದೆ, ಆರ್‌ಡಿಪಿ 60 ನಿಮಿಷದ್ದರ ಮೇಲೆ. ಎರಡರಲ್ಲೂ ಕೆ ಇದೆ, ಎಲ್ ಇದೆ, ಅರ್ಥ ಮಾತ್ರ ಬೇರೆ. ಸೇರಿಗೂ ಕಿಲೋಗೂ ಇರುವ ವ್ಯತ್ಯಾಸ.

ಬರೆದಿಡಲು ಹೊಸ ಅಭ್ಯಾಸವೇನೂ ಬೇಕಿಲ್ಲ. ತೋಟದ ಮನೆಯಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಇಂಚು ಸೆಂಟಿನಲ್ಲಿ ಪುಸ್ತಕಕ್ಕೆ ಏರಿಸುವವರಿಗೆ ಡೈವ್ ಲಾಗ್ ಎಷ್ಟರ ಮಾತು? ಇಳಿದ ಗಂಟೆ, ಗರಿಷ್ಠ ಆಳ, ಬಾಟಮ್ ಟೈಮ್, ಮೇಲೆ ಬಂದ ಗಂಟೆ, ಅಕ್ಷರ. ಐದೇ ಕಲಂ.

ಕಂಪ್ಯೂಟರ್ ಗೆಲ್ಲುವುದು ಎಲ್ಲಿ

ನೇತ್ರಾಣಿಯಂಥ ದ್ವೀಪದ ಬಂಡೆಯ ಇಳಿಜಾರಿನಲ್ಲಿ ಯಾರೂ ಒಂದೇ ಆಳದಲ್ಲಿ ಕೂತಿರುವುದಿಲ್ಲ. 18 ಮೀಟರಿಗೆ ಹೋಗಿ ಐದು ನಿಮಿಷ ಇದ್ದು, ಮೀನಿನ ಹಿಂದೆ ಮೇಲೇರುತ್ತ 9 ಮೀಟರಿನಲ್ಲಿ ನಲವತ್ತು ನಿಮಿಷ ಕಳೆದಿರಿ ಎನ್ನಿ. ಟೇಬಲ್ ಇದನ್ನು 18 ಮೀಟರಿನಲ್ಲಿ 45 ನಿಮಿಷ ಎಂದೇ ಬರೆದುಕೊಳ್ಳುತ್ತದೆ, ಮಿತಿ 56ರ ಅಂಚಿಗೆ ತಂದು ನಿಲ್ಲಿಸುತ್ತದೆ. ಕಂಪ್ಯೂಟರ್ ಪ್ರತಿ ಆಳಕ್ಕೂ ತಕ್ಕಷ್ಟೇ ಲೆಕ್ಕ ಹಿಡಿಯುತ್ತದೆ. ಜೊತೆಗೆ ಏರುವ ವೇಗ ನೋಡುತ್ತದೆ. ಆರ್‌ಡಿಪಿ ನಿಮಿಷಕ್ಕೆ 18 ಮೀಟರ್ ಮೀರಬೇಡಿ ಎಂದರೆ, ಇಂದಿನ ಕಂಪ್ಯೂಟರ್‌ಗಳು 9 ಅಥವಾ 10ಕ್ಕೇ ಕೂಗುತ್ತವೆ. ಎರಡರಲ್ಲಿ ನಿಧಾನದ್ದನ್ನೇ ಪಾಲಿಸಿ.

ಟೇಬಲ್‌ನಲ್ಲಿ ಹೆಚ್ಚು ಸುರಕ್ಷತೆ ಇದೆ ಎಂದು ಹಳಬರು ವಾದಿಸುವುದುಂಟು. ಲೆಕ್ಕ ಸರಿಯಾಗಿ ಮಾಡಿದರೆ ಹೌದು. ಆದರೆ ಅಲೆಯ ಮೇಲೆ ತೂಗುವ ದೋಣಿಯಲ್ಲಿ, ಅರ್ಧ ವಾಂತಿ ಬರುವ ಸ್ಥಿತಿಯಲ್ಲಿ, ಒದ್ದೆ ಬೆರಳಿನಿಂದ ಸಾಲು ಹಿಡಿದು ಓದುವಾಗ ಎಷ್ಟು ಜನ ಸರಿಯಾಗಿ ಮಾಡುತ್ತಾರೆ? ಅದಕ್ಕೇ ಟೇಬಲ್ ಲೆಕ್ಕ ದೋಣಿಯಲ್ಲಿ ಮಾಡುವ ಕೆಲಸವಲ್ಲ. ಹಿಂದಿನ ರಾತ್ರಿ ಕೋಣೆಯಲ್ಲಿ ಕೂತು, ನಾಳೆ ಹೆಚ್ಚೆಂದರೆ ಎಷ್ಟು ಆಳ, ಎಷ್ಟು ಹೊತ್ತು ಎಂದು ಎರಡು ಡೈವಿಗೂ ಬರೆದು ನೀರಿನೊಳಗೆ ಒಯ್ಯುವ ಸ್ಲೇಟಿಗೆ ಇಳಿಸಿಕೊಳ್ಳಿ. ನೀರಿನಲ್ಲಿ ಕಂಪ್ಯೂಟರ್ ನೋಡಿ, ಸ್ಲೇಟು ಅಂಕೆಯಲ್ಲಿಡಲಿ.

ಕಂಪ್ಯೂಟರ್ ಕೈಕೊಡುವ ಬಗೆಗಳು

ಯಂತ್ರ ಕೆಟ್ಟು ಆಗುವ ತೊಂದರೆ ಕಡಿಮೆ. ಕಟ್ಟಿಕೊಂಡವರ ಕೈಯಿಂದ ಆಗುವುದೇ ಹೆಚ್ಚು.

ಬಾಡಿಗೆ ಕಂಪ್ಯೂಟರ್ ಮೊದಲನೆಯದು. ಅದರೊಳಗೆ ಹಿಂದಿನ ದಿನ ಕಟ್ಟಿಕೊಂಡಿದ್ದವರ ಸಾರಜನಕದ ಲೆಕ್ಕ ಉಳಿದಿರುತ್ತದೆ. ಅದರಿಂದ ನಿಮಗೆ ಮಿತಿ ಕಡಿಮೆ ಸಿಗುತ್ತದೆ, ಅಪಾಯವಿಲ್ಲ. ಅಪಾಯ ಇರುವುದು ತಿರುಗುಮುರುಗಾದಾಗ: ಮೊದಲ ಡೈವ್ ಒಂದು ಕಂಪ್ಯೂಟರಿನಲ್ಲಿ, ಎರಡನೆಯದು ತಾಜಾ ಇನ್ನೊಂದರಲ್ಲಿ. ಹೊಸದಕ್ಕೆ ನೀವು ಬೆಳಿಗ್ಗೆಯಿಂದ ದಡದಲ್ಲೇ ಕೂತವರು. ಪಟ್ಟಿಗೆ ದಾರ ಕಟ್ಟಿಯೋ, ಹಿಂಬದಿಯ ಸಂಖ್ಯೆ ಬರೆದುಕೊಂಡೋ, ಎಷ್ಟು ದಿನ ಮುಳುಗುತ್ತೀರೋ ಅಷ್ಟೂ ದಿನ ಅದೇ ಕಂಪ್ಯೂಟರನ್ನು ಕೇಳಿ ಪಡೆಯಿರಿ. ಇಬ್ಬರಿಗೆ ಒಂದು ಎಂಬುದಂತೂ ಲೆಕ್ಕವೇ ಅಲ್ಲ. ಒಬ್ಬರು 14 ಮೀಟರಿನಲ್ಲಿ ಇರುವಾಗ ಇನ್ನೊಬ್ಬರು 17ರಲ್ಲಿ ಇರುತ್ತಾರೆ. ಜೊತೆಗಾರರ ಇಬ್ಬರ ಕಂಪ್ಯೂಟರ್ ಬೇರೆಬೇರೆ ಹೇಳಿದರೆ ಕಡಿಮೆ ಸಮಯ ತೋರಿಸಿದ್ದನ್ನೇ ಇಬ್ಬರೂ ಪಾಲಿಸಬೇಕು.

ಎರಡನೆಯದು ಗ್ಯಾಸ್ ಸೆಟ್ಟಿಂಗ್. ಯಾರೋ ನೈಟ್ರಾಕ್ಸ್ 32ಕ್ಕೆ, ಅಂದರೆ ಶೇ 32 ಆಮ್ಲಜನಕ ಇರುವ ಗಾಳಿಗೆ, ಇಟ್ಟು ಬಿಟ್ಟಿದ್ದಾರೆ, ನಿಮ್ಮ ಸಿಲಿಂಡರಿನಲ್ಲಿ ಇರುವುದು ಬರೀ ಗಾಳಿ. 18 ಮೀಟರಿನಲ್ಲಿ ನೀವಿದ್ದರೆ ಅದು ಸುಮಾರು 14ರ ಲೆಕ್ಕ ಹಿಡಿಯುತ್ತದೆ, ಅಂದರೆ 56 ನಿಮಿಷದ ಜಾಗದಲ್ಲಿ ತೊಂಬತ್ತರ ಹತ್ತಿರ ಕೊಡುತ್ತದೆ. ಮೇಲಿನ ಮಿತಿಗಳು ಬಾಯಿಗೆ ಬರುವವರು ಇದನ್ನು ಹತ್ತು ಸೆಕೆಂಡಿನಲ್ಲಿ ಹಿಡಿಯುತ್ತಾರೆ. ಇಳಿಯುವ ಮೊದಲು ಪರದೆಯ ಮೇಲೆ ಆಮ್ಲಜನಕದ ಅಂಕಿ 21 ಇದೆಯೇ ಎಂದು ಕಣ್ಣಾರೆ ನೋಡಿ. ಹಾಗೇ ಗೇಜ್ ಮೋಡ್‌ನಲ್ಲಿ ಇಲ್ಲವಷ್ಟೇ? ಆ ಮೋಡ್‌ನಲ್ಲಿ ಅದು ಬರೀ ಆಳ ಮತ್ತು ಸಮಯ ತೋರಿಸುತ್ತದೆ, ಮಿತಿ ಹೇಳುವುದಿಲ್ಲ.

ಬ್ಯಾಟರಿ. ಡೈವಿಂಗ್ ದಿನಗಳ ನಡುವೆ ಬ್ಯಾಟರಿ ಬದಲಿಸಿದರೆ ಹಲವು ಮಾದರಿಗಳು ಹಿಂದಿನ ಲೆಕ್ಕವನ್ನೆಲ್ಲ ಮರೆಯುತ್ತವೆ. ಬದಲಿಸುವುದಿದ್ದರೆ ಊರಿನಿಂದ ಹೊರಡುವ ಮೊದಲು ಬದಲಿಸಿ.

ಮೇಲೆ ಬರುವಾಗ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್ ಬಿಟ್ಟರೆ ಯಂತ್ರ ಗೊಣಗುತ್ತದೆ. ಮಿತಿ ಮೀರಿದಾಗ ಕಡ್ಡಾಯವಾಗುವ ಡೆಕೊ ಸ್ಟಾಪ್ ಬಿಟ್ಟರೆ ಸಿಟ್ಟಿಗೇಳುತ್ತದೆ: ಮಾದರಿ ನೋಡಿ 24 ಅಥವಾ 48 ಗಂಟೆ ಲೆಕ್ಕ ಕೊಡದೆ ಬೀಗ ಹಾಕಿಕೊಳ್ಳುತ್ತದೆ. ಆಗ ಇನ್ನೊಬ್ಬರ ಕಂಪ್ಯೂಟರ್ ಎರವಲು ಪಡೆದು ನೀರಿಗೆ ಇಳಿಯುವವರಿದ್ದಾರೆ. ಗಂಟೆ ಹೊಡೆದವನ ಬಾಯಿ ಮುಚ್ಚಿಸಿದರೆ ಬೆಂಕಿ ಆರುವುದಿಲ್ಲವಷ್ಟೆ.

ನೀರಿನೊಳಗೆ ಪರದೆ ಕಪ್ಪಾದರೆ ಹೀಗೆ ಮಾಡಿ. ಜೊತೆಗಾರರಿಗೆ ಸನ್ನೆ ಮಾಡಿ, ಡೈವ್ ಅಲ್ಲಿಗೇ ಮುಗಿಸಿ. ನಿಮ್ಮ ಸಣ್ಣ ಗುಳ್ಳೆಗಳಿಗಿಂತ ನಿಧಾನವಾಗಿ ಏರಿ. 5 ಮೀಟರಿನಲ್ಲಿ ಗಾಳಿ ಸಾಕಷ್ಟಿದ್ದರೆ ಮೂರರ ಬದಲು ಐದು ನಿಮಿಷವೋ ಅದಕ್ಕೂ ಹೆಚ್ಚೋ ನಿಲ್ಲಿ. ಮೇಲೆ ಬಂದ ಮೇಲೆ ಟೇಬಲ್ ತೆಗೆದು ಮುಂದಿನ ಡೈವಿಗೆ ಅಕ್ಷರ ಹುಡುಕುವ ಆಸೆ ಬರುತ್ತದೆ. ಬಹುಪಾಲು ಸಲ ಅದು ಆಗದ ಕೆಲಸ. ಕಂಪ್ಯೂಟರ್ ನಂಬಿ ಏರಿಳಿದ ಡೈವ್ ಟೇಬಲ್‌ನ ಚೌಕಟ್ಟಿಗೆ ಹೊಂದುವುದಿಲ್ಲ, ಗರಿಷ್ಠ ಆಳ ಹಿಡಿದು ನೋಡಿದರೆ ಮಿತಿ ಎಂದೋ ದಾಟಿರುತ್ತದೆ. ಆದ್ದರಿಂದ 24 ಗಂಟೆ ನೀರು ಬಿಡುವುದು ಸರಿ. ಸ್ಲೇಟಿನ ಯೋಜನೆಯೊಳಗೇ ಇದ್ದು, ಬೇರೆ ಗಡಿಯಾರ ಮತ್ತು ಆಳದ ಮಾಪಕ ಕಟ್ಟಿಕೊಂಡವರಿಗೆ ಮಾತ್ರ ಟೇಬಲ್ ಮುಂದಿನ ದಾರಿ ತೋರಿಸೀತು.

ಘಾಟಿಯ ಲೆಕ್ಕ

ಡೈವರ್‌ಗಳ ಸುರಕ್ಷತೆಯ ಸಂಸ್ಥೆಯಾದ ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಅಂದರೆ ಡಾನ್, 2002ರ ಕಾರ್ಯಾಗಾರದ ನಂತರ ವಿಮಾನ ಹತ್ತುವ ಬಗ್ಗೆ ಕೊಟ್ಟ ಸಲಹೆ ಎಲ್ಲ ಡೈವರ್‌ಗಳಿಗೂ ಗೊತ್ತು. ನೋ-ಡೆಕೊ ಡೈವ್ ಒಂದೇ ಆದರೆ ಕನಿಷ್ಠ 12 ಗಂಟೆ. ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನದ ಡೈವಿಂಗ್ ಆದರೆ 18 ಗಂಟೆ. ಡೆಕೊ ಸ್ಟಾಪ್ ಬೇಕಾದ ಡೈವ್ ಆಗಿದ್ದರೆ 18ಕ್ಕಿಂತ ಸಾಕಷ್ಟು ಹೆಚ್ಚು. ಜನ ಓದದೆ ಬಿಡುವ ಸಾಲು ಇನ್ನೊಂದಿದೆ: ಈ ಸಲಹೆ ಅನ್ವಯಿಸುವುದು 2,000ದಿಂದ 8,000 ಅಡಿ ಎತ್ತರದ ಒತ್ತಡಕ್ಕೆ. ಮೀಟರಿನಲ್ಲಿ 610ರಿಂದ 2,438. ವಿಮಾನದಲ್ಲಿ ಕೂತೇ ಆ ಒತ್ತಡಕ್ಕೆ ಹೋಗಬೇಕೆಂದಿಲ್ಲ, ಕೆಎಸ್ಸಾರ್ಟಿಸಿ ಬಸ್ಸೂ ಒಯ್ಯುತ್ತದೆ. ಮಡಿಕೇರಿ ಸುಮಾರು 3,800 ಅಡಿ. ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ ಎಲ್ಲವೂ 2,000ದ ಮೇಲೆ. (ಮೈಸೂರು, ಬೆಂಗಳೂರು ಕೂಡ. ಶಿರಾಡಿ ಹತ್ತಿ ರಾತ್ರೋರಾತ್ರಿ ಬೆಂಗಳೂರು ಸೇರುವವರು ಇದನ್ನು ಬೇರೆಯವರ ಪಾಡು ಎಂದುಕೊಳ್ಳಬಾರದು.)

ಸಮಯ ಇಟ್ಟು ನೋಡೋಣ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ, ಎರಡನೆಯದರಿಂದ ಮೇಲೆ ಬಂದದ್ದು ಮಧ್ಯಾಹ್ನ 12:30. 18 ಗಂಟೆ ಮುಗಿಯುವುದು ಮರುದಿನ ಬೆಳಿಗ್ಗೆ 6:30ಕ್ಕೆ. ಸಂಜೆ ನಾಲ್ಕಕ್ಕೆ ಕಾರು ಹೊರಟರೆ ಮಂಗಳೂರು, ಪುತ್ತೂರು, ಸುಳ್ಯ ದಾಟಿ ಸಂಪಾಜೆಗೆ ಬರುವಾಗ ರಾತ್ರಿ ಹತ್ತರ ಆಸುಪಾಸು. ಒಂಬತ್ತೋ ಹತ್ತೋ ಗಂಟೆಯಷ್ಟೇ ಕಳೆದಿದೆ. ಮುಂದಿನ ಮೂವತ್ತು ಕಿಲೋಮೀಟರಿನೊಳಗೆ ಸುಮಾರು ಸಾವಿರ ಮೀಟರ್ ಏರಿಕೆ. ಹಾಗಾಗಿ ಸುಳ್ಯದಲ್ಲೋ ಪುತ್ತೂರಿನಲ್ಲೋ ರಾತ್ರಿ ಉಳಿಯಿರಿ, ಬೆಳಿಗ್ಗೆ ತಿಂಡಿ ತಿಂದು ಎಂಟಕ್ಕೆ ಘಾಟಿ ಹತ್ತಿ. ಮುರುಡೇಶ್ವರದಲ್ಲೇ ಇನ್ನೊಂದು ರಾತ್ರಿ ಕಳೆದು ಬೆಳಿಗ್ಗೆ ಹೊರಡುವುದು ಇನ್ನೂ ಸರಳ. ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿಯಾಗಿ ಸೋಮವಾರಪೇಟೆ ಕಡೆ ಹೋಗುವವರಿಗೂ, ಕೇರಳದ ಕಡೆಯಿಂದ ಮಾಕುಟ್ಟ ಹತ್ತಿ ವಿರಾಜಪೇಟೆ ಸೇರುವವರಿಗೂ ಲೆಕ್ಕ ಇದೇ.

ಕಂಪ್ಯೂಟರಿನ ಪರದೆಯಲ್ಲಿ ವಿಮಾನದ ಚಿತ್ರವೋ ವಿಮಾನ ಹತ್ತಬಾರದ ನೋ-ಫ್ಲೈ ಗಂಟೆಯೋ ಇರುತ್ತದೆ. ಅದು ಹೋಗುವವರೆಗೆ ಘಾಟಿ ಹತ್ತಬೇಡಿ. ಆದರೆ ಅದು ಹೋದ ಕೂಡಲೇ ಹತ್ತಬಹುದು ಎಂದೂ ಅಲ್ಲ. ಕೆಲವು ಮಾದರಿಗಳು ಕೋಣೆಗಳ ಲೆಕ್ಕ ಹಾಕಿ 12 ಗಂಟೆಗೂ ಮೊದಲೇ ಚಿತ್ರ ಅಳಿಸುತ್ತವೆ, ಕೆಲವು ಏನೇ ಆದರೂ 24 ಗಂಟೆ ಎಣಿಸುತ್ತವೆ. ಕಂಪ್ಯೂಟರ್ ಮತ್ತು ಡಾನ್ ಸಲಹೆ ಎರಡರಲ್ಲಿ ಯಾವುದು ಉದ್ದವೋ ಅದು ನಿಮ್ಮದು.

ಇನ್ನೊಂದು ದಾರಿ ಟೇಬಲ್ ಬಲ್ಲವರಿಗೆ ಮಾತ್ರ ತೆರೆದಿದೆ. ಅಮೆರಿಕದ ನೌಕಾಪಡೆಯ ಡೈವಿಂಗ್ ಕೈಪಿಡಿಯಲ್ಲಿ ಡೈವ್ ನಂತರ ಎತ್ತರಕ್ಕೆ ಹೋಗುವವರಿಗೆಂದೇ ಒಂದು ಪಟ್ಟಿ ಇದೆ. ಒಂದು ಬದಿಯಲ್ಲಿ ನಿಮ್ಮ ಗುಂಪಿನ ಅಕ್ಷರ, ಇನ್ನೊಂದು ಬದಿಯಲ್ಲಿ ಹೋಗಬೇಕಾದ ಎತ್ತರ, ಸೇರುವಲ್ಲಿ ಕಾಯಬೇಕಾದ ಗಂಟೆ. ಅಕ್ಷರ ಮುಂದೆ ಹೋದಷ್ಟೂ ಗಂಟೆ ಹೆಚ್ಚು, ಎತ್ತರ ಇಳಿದಷ್ಟೂ ಕಡಿಮೆ. ಆ ಅಕ್ಷರ ನೌಕಾಪಡೆಯ ಟೇಬಲ್‌ನಿಂದಲೇ ಬಂದಿರಬೇಕು, ಕಂಪ್ಯೂಟರ್ ಅದನ್ನು ಕೊಡುವುದಿಲ್ಲ. ರಜೆಗೆ ಮುಳುಗುವವರು ಇದನ್ನು ಕಾಯುವ ಹೊತ್ತು ಕಡಿಮೆ ಮಾಡಿಕೊಳ್ಳಲು ಬಳಸದೆ, ಬೆಳಿಗ್ಗೆಯ ಡೈವ್ ಎಷ್ಟು ಭಾರವಾಗಿತ್ತು ಎಂದು ತಿಳಿಯಲು ಬಳಸಿದರೆ ಸಾಕು.

ಡೈವ್ ಕಲಿಯದೆ, ತರಬೇತುದಾರರ ಕೈ ಹಿಡಿದು ಅರ್ಧ ಗಂಟೆ ಮುಳುಗಿ ಬರುವವರೇ ನೇತ್ರಾಣಿಗೆ ಹೋಗುವವರಲ್ಲಿ ಬಹಳ. ಅವರ ಕೈಯಲ್ಲಿ ಕಂಪ್ಯೂಟರ್ ಇರುವುದಿಲ್ಲ, ನೋ-ಫ್ಲೈ ಎಂಬ ಮಾತೂ ಕಿವಿಗೆ ಬಿದ್ದಿರುವುದಿಲ್ಲ. ಅವರಿಗೂ 12 ಗಂಟೆಯ ನಿಯಮ ಅನ್ವಯಿಸುತ್ತದೆ.

ಕೆಳಗೆ ಹೋಗುವಾಗ ಮಾತ್ರ ಕೊಡಗಿನವರ ಪಾಲಿಗೆ ಒಂದು ಲಾಭ. ಬೆಟ್ಟದಲ್ಲೇ ಇರುವವರ ಮೈಯಲ್ಲಿ ಕರಾವಳಿಯವರಿಗಿಂತ ಸಾರಜನಕ ತುಸು ಕಡಿಮೆ. ಮಿತಿ ಹಿಗ್ಗಿಸಲು ಅದನ್ನು ನೆಪ ಮಾಡಬೇಡಿ. ಕಂಪ್ಯೂಟರಿನಲ್ಲಿ ಗ್ರೇಡಿಯಂಟ್ ಫ್ಯಾಕ್ಟರ್ (ಲೆಕ್ಕ ಎಷ್ಟು ಬಿಗಿಯಾಗಿರಬೇಕು ಎಂಬ ಸೆಟ್ಟಿಂಗ್) ಬದಲಿಸಲು ಬಂದರೆ 40/85 ಇರುವುದನ್ನು 35/75ಕ್ಕೆ ಇಳಿಸಿ. ಮೇಲೆ ಬರುವಾಗ ಎಷ್ಟು ಒತ್ತಡ ಉಳಿಸಿಕೊಳ್ಳಬಹುದು ಎಂದು ಹೇಳುವುದು ಎರಡನೇ ಅಂಕಿ. ಘಾಟಿ ಹತ್ತುವವರು ಆ ಹೊರೆ ಕಡಿಮೆ ತಂದರೆ ಒಳ್ಳೆಯದು. ಮರುದಿನ ತಡಿಯಂಡಮೋಳ್ ಹತ್ತುವ ಯೋಜನೆ ಇಟ್ಟುಕೊಳ್ಳಬೇಡಿ, ಅದು 1,748 ಮೀಟರ್, ಮೇಲಾಗಿ ದಣಿವು. ರಾತ್ರಿಯ ಪೆಗ್ಗೂ ಒಂದು ದಿನ ಕಾಯಲಿ. ಮೈ ಒಣಗಿದ್ದರೆ ಗುಳ್ಳೆಗೆ ಅನುಕೂಲ.

ಕೀಲು ನೋವು, ಚರ್ಮದಲ್ಲಿ ಕೆಂಪು ನೀಲಿ ಮಚ್ಚೆ, ಕೈಕಾಲು ಜೋಮು, ತಲೆಸುತ್ತು, ಮೂತ್ರ ಬಾರದಿರುವುದು, ಕಾರಣವಿಲ್ಲದ ವಿಪರೀತ ಸುಸ್ತು: ಇವು ಘಾಟಿಯ ಮಧ್ಯೆ ಕಂಡರೆ ಮೇಲಿನ ಆಸ್ಪತ್ರೆ ಹತ್ತಿರ ಎಂದು ಏರಬೇಡಿ. ಗಾಡಿ ತಿರುಗಿಸಿ ಸುಳ್ಯ, ಮಂಗಳೂರು ಕಡೆ ಇಳಿಯಿರಿ. ಮಡಿಕೇರಿ ತಲುಪಿದ ಮೇಲೆ ಶುರುವಾದರೆ ಮೊದಲು ಅಲ್ಲಿಯ ಆಸ್ಪತ್ರೆಯಲ್ಲೇ ಮಾಸ್ಕ್ ಮೂಲಕ ಶುದ್ಧ ಆಮ್ಲಜನಕ ಹಾಕಿಸಿ, ಅದನ್ನು ನಿಲ್ಲಿಸದೆ ಕೆಳಗೆ ಸಾಗಿಸಲು ಕೇಳಿ. ಡೈವ್ ಮಾಡಿ ಬಂದದ್ದು, ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ಗಂಟೆಗೆ ಮೇಲೆ ಬಂದದ್ದು ಎಂಬುದನ್ನು ವೈದ್ಯರಿಗೆ ನೀವೇ ಹೇಳಬೇಕು. ಕಾಫಿ ನಾಡಿನ ಆಸ್ಪತ್ರೆಯಲ್ಲಿ ಭುಜ ನೋವು ಎಂದರೆ ಮರ ಹತ್ತಿ ಕಪಾತು ಮಾಡಿದ್ದೋ ಚೀಲ ಎತ್ತಿದ್ದೋ ಎಂದುಕೊಳ್ಳುವುದು ಸಹಜ. ಮೈಯನ್ನು ಮತ್ತೆ ಒತ್ತಡಕ್ಕೆ ಒಡ್ಡಿ ಗುಳ್ಳೆ ಕರಗಿಸುವ ರೀಕಂಪ್ರೆಶನ್ ಚೇಂಬರ್ ಅತಿ ಹತ್ತಿರ ಎಲ್ಲಿದೆ, ಇಂದು ನಡೆಯುತ್ತಿದೆಯೇ ಎಂದು ಹಣ ಕಟ್ಟುವ ಮೊದಲೇ ಡೈವ್ ಸೆಂಟರಿನವರನ್ನು ಕೇಳಿ ಬರೆದಿಟ್ಟುಕೊಳ್ಳಿ. ತಡವರಿಸಿದರೆ ಬೇರೆ ಸೆಂಟರ್ ನೋಡಿ.

ಕೊಡಗಿನ ನೀರಿನಲ್ಲೇ ಮುಳುಗುವುದಾದರೆ

ಹಾರಂಗಿಯಂಥ ಅಣೆಕಟ್ಟಿನ ನೀರು ಇಲಾಖೆಯ ಅನುಮತಿ ಇಲ್ಲದೆ ಇಳಿಯುವ ಜಾಗವಲ್ಲ. ಉಳಿದದ್ದು ಖಾಸಗಿ ತೋಟದ ಕೆರೆ. ಕಣ್ಣು ಕಾಣದ ಕೆಸರು, ಬೇರು, ಹಳೇ ತಂತಿ, ಪಂಪಿನ ಫುಟ್‌ವಾಲ್ವ್ ಸೆಳೆತ, ಇವೇ ಅಲ್ಲಿ ಸಾರಜನಕಕ್ಕಿಂತ ದೊಡ್ಡ ಶತ್ರುಗಳು. ಪಂಪಿನ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳದೆ ಯಾರನ್ನೂ ಇಳಿಸಬೇಡಿ.

300 ಮೀಟರಿನ ಮೇಲೆ ಸಮುದ್ರದ ಟೇಬಲ್ ಹಾಗೇ ನಡೆಯುವುದಿಲ್ಲ. ಎತ್ತರದ ಡೈವಿಂಗ್‌ಗೆ ಬೇರೆ ತರಬೇತಿ ಇದೆ, ಅದನ್ನು ಪಡೆದೇ ಇಳಿಯಬೇಕು. ಲೆಕ್ಕದ ತಿರುಳು ಇದು: 1,150 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 87ರಷ್ಟು. ನಿಜ ಆಳವನ್ನು 1.15ರಿಂದ ಗುಣಿಸಿದರೆ ಟೇಬಲ್‌ನಲ್ಲಿ ನೋಡಬೇಕಾದ ಆಳ. 9 ಮೀಟರಿನ ಕೆರೆ 10.35 ಆಗುತ್ತದೆ, 10ರ ಅಂಕಣ ತಪ್ಪಿ 12ಕ್ಕೆ ಬೀಳುತ್ತದೆ. ಮಿತಿ 219ರಿಂದ 147ಕ್ಕೆ ಬಂತು. 5 ಮೀಟರಿನ ಸೇಫ್ಟಿ ಸ್ಟಾಪ್ ಸುಮಾರು 4.3ಕ್ಕೆ ಏರುತ್ತದೆ, ಏರುವ ವೇಗ ನಿಮಿಷಕ್ಕೆ 9 ಮೀಟರ್ ದಾಟಬಾರದು.

ಅದೇ ದಿನ ಮಂಗಳೂರಿನಿಂದ ಬಂದ ಗೆಳೆಯರಿಗೆ ಇನ್ನೂ ಒಂದು ಹೊರೆ. ಸಮುದ್ರಮಟ್ಟದಿಂದ ಮೇಲೆ ಬಂದದ್ದೇ ಒಂದು ಡೈವ್ ಮಾಡಿದಂತೆ. ಪಾಡಿಯ ನಿಯಮದಲ್ಲಿ ಪ್ರತಿ 300 ಮೀಟರಿಗೆ ಎರಡು ಗುಂಪು. 1,150ನ್ನು 1,200 ಎಂದು ಹಿಡಿದರೆ ನಾಲ್ಕು ಸಲ ಎರಡು, ಎಂಟನೇ ಅಕ್ಷರ ಎಚ್. ಅವರು 12ರ ಅಂಕಣದಲ್ಲಿ 38 ನಿಮಿಷ ಆಗಲೇ ಕಳೆದವರಂತೆ, ಉಳಿದದ್ದು 109. ಬಂದು 6 ಗಂಟೆ ಕಳೆದರೆ ಈ ಹೊರೆ ಇಳಿಯುತ್ತದೆ.

ಕಂಪ್ಯೂಟರ್‌ಗಳಲ್ಲಿ ಕೆಲವು ಎತ್ತರವನ್ನು ತಾವೇ ಅಳೆಯುತ್ತವೆ, ಕೆಲವಕ್ಕೆ ಕೈಯಿಂದ ಹೇಳಬೇಕು. ಸುಂಟೊ ಕಂಪನಿಯ ಹಲವು ಮಾದರಿಗಳಲ್ಲಿ ಎ0 ಎಂದರೆ 300 ಮೀಟರ್‌ವರೆಗೆ, ಎ1 ಎಂದರೆ 300ರಿಂದ 1,500, ಎ2 ಅದರ ಮೇಲೆ 3,000ದವರೆಗೆ. ಕೊಡಗಿನ ಊರುಗಳೆಲ್ಲ ಎ1. ನೇತ್ರಾಣಿಗೆ ಮತ್ತೆ ಹೋಗುವಾಗ ಎ0ಗೆ ಇಳಿಸಲು ಮರೆತರೆ ಸಮಯ ಕಡಿಮೆ ಸಿಗುತ್ತದೆ ಅಷ್ಟೇ. ಉಲ್ಟಾ ಮರೆತರೆ ಅಪಾಯ. ಮುಳ್ಳಿನ ಆಳಮಾಪಕ ಇಲ್ಲಿ ಸುಳ್ಳು ಹೇಳುತ್ತದೆ: ಸಮುದ್ರಮಟ್ಟಕ್ಕೆ ಸೊನ್ನೆ ಮಾಡಿದ್ದರಿಂದ ಮಡಿಕೇರಿಯಲ್ಲಿ ಸುಮಾರು 1.3 ಮೀಟರ್ ಕಡಿಮೆ ತೋರಿಸುತ್ತದೆ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಮುದ್ರವೂ ಮುಚ್ಚಿರುತ್ತದೆ, ಕೊಡಗಿನ ಮನೆಯಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ. ಕಂಪ್ಯೂಟರನ್ನು ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಗುಂಡಿಗಳನ್ನು ನೀರೊಳಗೆ ಒತ್ತದೆ ಎತ್ತಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ನೀರು ತಾಗಿದರೆ ತಾನೇ ಚಾಲೂ ಆಗುವ ಮಾದರಿಗಳಲ್ಲಿ ಲೋಹದ ಎರಡು ಬಿಂದುಗಳಿರುತ್ತವೆ. ಅವುಗಳ ಮೇಲೆ ಉಪ್ಪು ಉಳಿದರೆ ತೇವ ಹೀರಿ ಕಂಪ್ಯೂಟರ್ ಎಚ್ಚರವಾಗಿಯೇ ಇದ್ದು, ಅಕ್ಟೋಬರ್‌ಗೆ ಬ್ಯಾಟರಿ ಸತ್ತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು ಬೇಡ, ಬಿಸಿಗೆ ಸೀಲ್ ಮತ್ತು ಪರದೆ ಎರಡೂ ಹಾಳು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ತಿಂಗಳಿಗೊಮ್ಮೆ ಪೊಟ್ಟಣ ಬದಲಿಸಿ. ಬ್ಯಾಟರಿ ಹಾಕುವಾಗ ಮುಚ್ಚಳದ ರಬ್ಬರ್ ಬಳೆ, ಅಂದರೆ ಓ-ರಿಂಗ್, ಹೊಸದು ಹಾಕಿ, ಕೂದಲೆಳೆಯೂ ಸಿಕ್ಕಿರದಂತೆ ನೋಡಿ, ಸಿಲಿಕಾನ್ ಗ್ರೀಸ್ ಹೊಳಪು ಬರುವಷ್ಟು ಮಾತ್ರ ಸವರಿ. ಮುಚ್ಚಿದ ಮೇಲೆ ಬಕೆಟ್ ನೀರಿನಲ್ಲಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಗಾಜಿನ ಒಳಗೆ ಮಂಜು ಕಟ್ಟಿದೆಯೇ ಎಂದು ನೋಡಿ. ಕಟ್ಟಿದ್ದರೆ ನೇತ್ರಾಣಿಗೆ ಹೊರಡುವ ಮೊದಲೇ ದುರಸ್ತಿಗೆ ಕಳಿಸಿ.